ಡಬ್ಬಿ ಬೇರೆ, ಡಬ್ಬಿಯ ಮಾತು ಬೇರೆ: ‘ನೈಸರ್ಗಿಕ’ ಔಷಧ ಕೊಳ್ಳುವ ಮುನ್ನ ಪರೀಕ್ಷಿಸುವ ಕ್ರಮ

‘ಅಮ್ಮನ ಮಂಡಿನೋವಿಗೆ ಒಂದು ಚೂರ್ಣ ತರಿಸಿದ್ದೇವೆ. ಮೇಲೆ ಲೈಸೆನ್ಸ್ ನಂಬರ್ ಇದೆ. ಕೊಡಬಹುದೇ?’ ಓದುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಒಮ್ಮೆ ಚೂರ್ಣ, ಇನ್ನೊಮ್ಮೆ ಕಷಾಯ, ಮತ್ತೊಮ್ಮೆ ಕೂದಲಿನ ಎಣ್ಣೆ. ಪ್ರಶ್ನೆ ಮಾತ್ರ ಅದೇ.

ನಂಬರ್ ಇರುವುದು ಒಳ್ಳೆಯದೇ, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಪರವಾನಗಿ ಸಂಖ್ಯೆ ಹೇಳುವುದು ಡಬ್ಬಿಯ ವಿಷಯ: ಯಾರು, ಎಲ್ಲಿ, ಏನನ್ನು ಹಾಕಿ ತಯಾರಿಸಿದರು ಎಂದು. ‘ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಮಾಯ’ ಎನ್ನುವುದು ಮಾತಿನ ವಿಷಯ. ಡಬ್ಬಿಗೆ ಒಂದು ಕಾಯ್ದೆ, ಮಾತಿಗೆ ಇನ್ನೊಂದು. ಡಬ್ಬಿ ಸರಿಯಿದ್ದು ಮಾತು ಸುಳ್ಳಾಗಿರಬಹುದು. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಡಬ್ಬಿ, ಅದರ ಹೊರಗಿನ ರಟ್ಟಿನ ಪೆಟ್ಟಿಗೆ, ಒಳಗಿನ ಚೀಟಿ, ಬಿಲ್, ಒಂದು ಮೊಬೈಲ್. ಲೇಬಲ್ಲಿನ ಅಕ್ಷರ ಸಾಸಿವೆಗಿಂತ ಸಣ್ಣದಾಗಿರುವುದರಿಂದ ಎಲ್ಲ ಬದಿಗಳ ಫೋಟೊ ತೆಗೆದು ಹಿಗ್ಗಿಸಿ ಓದಿ. ಆ ಫೋಟೊಗಳು ಮುಂದೆ ದೂರಿಗೂ ಬೇಕಾಗುತ್ತವೆ.

1. ಇದು ಔಷಧವೋ ಆಹಾರವೋ ಎಂದು ಗೊತ್ತುಮಾಡಿಕೊಳ್ಳಿ

ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತ ಎರಡು ಅಶ್ವಗಂಧದ ಡಬ್ಬಿಗಳು ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆ ಜಾತಿಯವಾಗಿರಬಹುದು.

ಲೇಬಲ್ಲಿನಲ್ಲಿ ‘ಆಯುರ್ವೇದಿಕ್ ಮೆಡಿಸಿನ್’ ಎಂಬ ಪದ ಮತ್ತು ತಯಾರಿಕಾ ಪರವಾನಗಿ ಸಂಖ್ಯೆ ಇದ್ದರೆ ಅದು ಔಷಧ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಸಂಖ್ಯೆ ಇದ್ದರೆ ಅದು ಆಹಾರ. ‘ಹೆಲ್ತ್ ಸಪ್ಲಿಮೆಂಟ್’, ಅಂದರೆ ಪೂರಕ ಆಹಾರ, ಎಂದೂ ‘ನಾಟ್ ಫಾರ್ ಮೆಡಿಸಿನಲ್ ಯೂಸ್’, ಅಂದರೆ ಔಷಧವಾಗಿ ಬಳಸಲು ಅಲ್ಲ, ಎಂದೂ ಅದರ ಮೇಲೆ ಇರಬೇಕು. 2022ರಿಂದ ‘ಆಯುರ್ವೇದ ಆಹಾರ’ ಎಂಬ ಪ್ರತ್ಯೇಕ ವರ್ಗವೂ ಇದೆ, ಅದೂ ಆಹಾರವೇ. ಹೆಸರಿನಲ್ಲಿ ಆಯುರ್ವೇದ ಇದೆಯೆಂದು ಔಷಧವಾಗುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಆಹಾರದ ಪರವಾನಗಿ ಪಡೆದ ವಸ್ತು ಯಾವ ಕಾಯಿಲೆಯನ್ನೂ ವಾಸಿಮಾಡುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ. ಮುಂದೆ ‘ಶುಗರ್ ಕಂಟ್ರೋಲ್’, ಹಿಂದೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ನಿಮ್ಮ ಪರೀಕ್ಷೆ ಇಲ್ಲಿಗೇ ಮುಗಿಯಿತು. ಕೆಳಗಿಡಿ. ಆ 14 ಅಂಕಿಗಳು ಅಸಲಿಯೇ ಎಂಬುದನ್ನು ಎಫ್‌ಎಸ್‌ಎಸ್‌ಎಐನ ‘ಫಾಸ್ಕಾಸ್’ ಜಾಲತಾಣದಲ್ಲಾಗಲಿ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಾಗಲಿ ನೋಡಬಹುದು.

ಇವೆರಡೂ ಇಲ್ಲದ ಮೂರನೆಯ ಬಗೆಯೊಂದಿದೆ: ಸಾದಾ ಪ್ಲಾಸ್ಟಿಕ್ ಪೊಟ್ಟಣ, ಮೇಲೆ ಒಂದು ಮೊಬೈಲ್ ಸಂಖ್ಯೆ. ವೈದ್ಯರು ಮತ್ತು ಹಕೀಮರು ತಮ್ಮದೇ ರೋಗಿಗಳಿಗೆ ತಯಾರಿಸಿಕೊಡುವ ಔಷಧಕ್ಕೆ ಕಾಯ್ದೆಯಲ್ಲಿ ತಯಾರಿಕಾ ಪರವಾನಗಿಯಿಂದ ವಿನಾಯಿತಿ ಇದೆ. ನಾಡಿ ಹಿಡಿದು ನೋಡಿ ಕೊಟ್ಟ ಪೊಟ್ಟಣಕ್ಕೆ ಆ ವಿನಾಯಿತಿ ಅನ್ವಯಿಸೀತು. ನಿಮ್ಮ ಮುಖವನ್ನೇ ನೋಡದೆ ಹಣ ಹಾಕಿಸಿಕೊಂಡು ಕೊರಿಯರ್‌ನಲ್ಲಿ ಊರೂರಿಗೆ ಕಳುಹಿಸುವ ಪೊಟ್ಟಣ ಆ ವಿನಾಯಿತಿಯ ನೆರಳಿನಲ್ಲಿ ನಿಲ್ಲಲಾರದು. ಕೊಟ್ಟವರು ನೋಂದಾಯಿತ ವೈದ್ಯರೇ ಎಂಬ ಅನುಮಾನವಿದ್ದರೆ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯ ನೋಂದಣಿ ಸಂಖ್ಯೆಯನ್ನು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರಿಂದ ಔಷಧ ಕೊಳ್ಳದಿರುವುದೇ ಲೇಸು.

2. ಪರವಾನಗಿಯನ್ನು ಪರಿಶೀಲಿಸಿ, ಆದರೆ ಅದರಿಂದ ಅತಿಯಾದುದನ್ನು ನಿರೀಕ್ಷಿಸಬೇಡಿ

ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ತಯಾರಿಕೆಗೆ ಪರವಾನಗಿ ಕೊಡುವುದು ಆಯಾ ರಾಜ್ಯದ ಪರವಾನಗಿ ಪ್ರಾಧಿಕಾರ. ಕೇಂದ್ರದ ಆಯುಷ್ ಸಚಿವಾಲಯ ಕೊಡುವುದಿಲ್ಲ. ಯಾವ ಕಂಪನಿಯನ್ನಾಗಲಿ ಅದರ ಔಷಧವನ್ನಾಗಲಿ ತಾನು ಪ್ರಮಾಣೀಕರಿಸುವುದೂ ಇಲ್ಲ, ಅನುಮೋದಿಸುವುದೂ ಇಲ್ಲ ಎಂದು ಸಚಿವಾಲಯವೇ 2024ರಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿದೆ. ಹೀಗಿರುವಾಗ ‘ಆಯುಷ್ ಸಚಿವಾಲಯದಿಂದ ಅನುಮೋದಿತ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಕೊಂಡ ಡಬ್ಬಿಯನ್ನು ಕಂಡರೆ ನಂಬಿಕೆ ಹೆಚ್ಚಾಗುವ ಬದಲು ಕಡಿಮೆಯಾಗಬೇಕು.

ಲೇಬಲ್ಲಿನಲ್ಲಿ ಇರಲೇಬೇಕಾದವು: ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ಪದಾರ್ಥಗಳ ಪಟ್ಟಿ. ‘ಮಾರ್ಕೆಟೆಡ್ ಬೈ’ ಎಂದು ದೊಡ್ಡದಾಗಿ ಇರುವ ಹೆಸರು ಮಾರುವವರದು. ತಯಾರಕರ ಹೆಸರು ಅದರ ಕೆಳಗೆ ಸಣ್ಣದಾಗಿ ಇರುತ್ತದೆ. ಪರವಾನಗಿ ಸಂಬಂಧಿಸಿದ್ದು ಈ ಎರಡನೆಯವರಿಗೆ. ಕಾರ್ಖಾನೆ ಕರ್ನಾಟಕದಲ್ಲಿದ್ದರೆ ನಿಮ್ಮ ಜಿಲ್ಲಾ ಆಯುಷ್ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಹೊರರಾಜ್ಯದ್ದಾದರೆ ಆ ರಾಜ್ಯದ ಪ್ರಾಧಿಕಾರಕ್ಕೆ ಬರೆಯಬೇಕು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ.

ಔಷಧವನ್ನು ಮಾರುವ ಅಂಗಡಿಯ ವಿಷಯ ಇನ್ನೂ ಸಡಿಲ. ಅಲೋಪಥಿ ಔಷಧ ಮಾರಲು ಪರವಾನಗಿ ಬೇಕು, ಹೋಮಿಯೊಪಥಿಗೂ ಬೇಕು. ಆಯುರ್ವೇದ ಔಷಧವನ್ನು ಮಾರಲು ಬೇಕಿಲ್ಲ. ಅದಕ್ಕೇ ಕಿರಾಣಿ ಅಂಗಡಿಯಿಂದ ಹಿಡಿದು ಜಾತ್ರೆಯ ಮಳಿಗೆಯವರೆಗೆ ಎಲ್ಲ ಕಡೆ ಸಿಗುತ್ತದೆ.

ಇನ್ನು ಪರವಾನಗಿ ಕೊಡುವಾಗ ಏನನ್ನು ನೋಡುತ್ತಾರೆ? ಔಷಧವು ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಚೀನ ಗ್ರಂಥಗಳ ಪಾಠದಂತೆಯೇ ತಯಾರಾದುದಾದರೆ, ಹೊಸದಾಗಿ ಸುರಕ್ಷತೆಯ ಅಧ್ಯಯನವನ್ನು ಔಷಧ ನಿಯಮಗಳ 158-ಬಿ ಕೇಳುವುದಿಲ್ಲ. ಗ್ರಂಥದ ಪದಾರ್ಥಗಳನ್ನೇ ಕಂಪನಿ ತನ್ನ ಲೆಕ್ಕದಲ್ಲಿ ಬೆರೆಸಿ ಮಾಡಿದ್ದು ‘ಪ್ರೊಪ್ರೈಟರಿ’ ಔಷಧ. ಅದಕ್ಕೆ ಒಂದಿಷ್ಟು ಪುರಾವೆ ಬೇಕು, ಅದೂ ಸಣ್ಣ ಪ್ರಮಾಣದ ಅಧ್ಯಯನದಂಥದ್ದು. ಹೊಸ ಅಲೋಪಥಿ ಔಷಧವೊಂದು ಹಾದುಬರುವ ಹಂತಹಂತದ ಪರೀಕ್ಷೆಗಳ ಜೊತೆ ಇದನ್ನು ಹೋಲಿಸುವಂತಿಲ್ಲ. ‘ಜಿಎಂಪಿ ಪ್ರಮಾಣಿತ’ ಎಂಬುದು ಕಾರ್ಖಾನೆಯ ಶುಚಿತ್ವ ಮತ್ತು ಕ್ರಮಬದ್ಧತೆಯ ಮಾತು. ‘ಐಎಸ್‌ಒ’ ಎಂಬುದು ಆಡಳಿತ ವ್ಯವಸ್ಥೆಯ ಮಾತು. ಎರಡರಲ್ಲಿ ಯಾವುದೂ ನಿಮ್ಮ ಅಮ್ಮನ ಮಂಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

3. ಪದಾರ್ಥಗಳ ಪಟ್ಟಿಯನ್ನು ಬೆರಳಿಟ್ಟು ಓದಿ

ಹದಿನೈದು ನಿಮಿಷ ಇದ್ದರೆ ಹತ್ತು ನಿಮಿಷವನ್ನು ಇದಕ್ಕೇ ಕೊಡಿ.

ಔಷಧ ನಿಯಮಗಳಲ್ಲಿ ಅನುಸೂಚಿ ಇ(1) ಎಂಬ ಪಟ್ಟಿಯೊಂದಿದೆ. ಆಯುರ್ವೇದವೇ ವಿಷವೆಂದು ಒಪ್ಪಿಕೊಂಡ, ಶುದ್ಧಿಮಾಡಿ ಅಳತೆಯಿಂದ ಮಾತ್ರ ಬಳಸಬೇಕಾದ ವಸ್ತುಗಳ ಪಟ್ಟಿ ಅದು. ಗಿಡಗಳಲ್ಲಿ ವತ್ಸನಾಭಿ, ದತ್ತೂರಿ, ಕಾಸರಕ, ಗುಲಗಂಜಿ, ಕಣಗಿಲೆ, ಜಾಪಾಳ, ಎಕ್ಕ, ಭಲ್ಲಾತಕ, ಅಫೀಮು, ಭಂಗಿ. ಖನಿಜಗಳಲ್ಲಿ ಪಾದರಸ, ಇಂಗಳೀಕ, ಹರಿತಾಳ, ಮನಃಶಿಲೆ, ಮೈಲುತುತ್ತ. ಇವುಗಳಲ್ಲಿ ಯಾವುದಾದರೂ ಇರುವ, ಒಳಗೆ ಸೇವಿಸುವ ಔಷಧದ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕದ್ದು’ ಎಂಬ ಎಚ್ಚರಿಕೆ ಇರಬೇಕು. ಆ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಬೇಕೆಂದು ನಿಯಮ ಹೇಳುತ್ತದೆ. ಕನ್ನಡದ ಮಾತೇ ಇಲ್ಲ. ಹಳ್ಳಿಯ ಅಜ್ಜಿ ಅದನ್ನು ಹೇಗೆ ಓದಬೇಕು ಎಂದು ನಿಯಮ ಬರೆದವರು ಯೋಚಿಸಿದಂತಿಲ್ಲ. ಆದ್ದರಿಂದ ಆಕೆಯ ಡಬ್ಬಿಯನ್ನು ನೀವು ಓದಿಕೊಡಿ.

ಒಂದು ಉದಾಹರಣೆ ನೋಡೋಣ. ಜ್ವರ, ನೆಗಡಿಗೆ ಬಳಸುವ ತ್ರಿಭುವನಕೀರ್ತಿ ರಸ ಹೆಚ್ಚಿನ ಆಯುರ್ವೇದ ಅಂಗಡಿಗಳಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ ಶುಂಠಿ, ಮೆಣಸು, ಹಿಪ್ಪಲಿ ಕಾಣುತ್ತವೆ. ಅಡುಗೆಮನೆಯ ಸಾಮಾನೇ ಎಂದು ಸಮಾಧಾನವಾಗುತ್ತದೆ. ಅದೇ ಪಟ್ಟಿಯಲ್ಲಿ ‘ಶುದ್ಧ ಹಿಂಗುಲ’ ಮತ್ತು ‘ಶುದ್ಧ ವತ್ಸನಾಭ’ ಎಂದೂ ಇರುತ್ತದೆ. ಹಿಂಗುಲವೆಂದರೆ ನಮ್ಮ ಇಂಗಳೀಕ, ಪಾದರಸದ ಅದಿರು. ವತ್ಸನಾಭವೆಂದರೆ ಅಕೊನೈಟಮ್ ಗಿಡದ ಗೆಡ್ಡೆ. ಅಳತೆ ತಪ್ಪಿದರೆ ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ವೈದ್ಯರು ಲೆಕ್ಕ ಹಾಕಿ ಕೊಟ್ಟ ನಾಲ್ಕು ದಿನದ ಮಾತ್ರೆ ಬೇರೆ. ಮಗುವಿಗೆ ನೆಗಡಿಯೆಂದು ನೀವೇ ತಂದು ಕೊಡುವುದು ಬೇರೆ.

ಹೆಸರೇ ಒಂದು ಸುಳಿವು ಕೊಡುತ್ತದೆ. ‘ರಸ’, ‘ಸಿಂಧೂರ’, ‘ಭಸ್ಮ’, ‘ಪರ್ಪಟಿ’ ಎಂದು ಕೊನೆಗೊಳ್ಳುವ ಔಷಧಗಳಲ್ಲಿ ಲೋಹ ಅಥವಾ ಖನಿಜ ಇರುವ ಸಾಧ್ಯತೆ ಹೆಚ್ಚು. ಆಯುರ್ವೇದದಲ್ಲಿ ಇಂಥ ಔಷಧಗಳ ಹೆಸರಿನ ರಸ ಎಂದರೆ ಪಾದರಸ. (ನೆಲ್ಲಿಕಾಯಿ ರಸ ಈ ಲೆಕ್ಕಕ್ಕೆ ಬರುವುದಿಲ್ಲ, ಗಾಬರಿ ಬೇಡ.)

ಬರೀ ಗಿಡಮೂಲಿಕೆಯ ಔಷಧದಲ್ಲಿ ಭಾರಲೋಹ ಇರಬಹುದಾದ ಮಿತಿ ಹೀಗಿದೆ: ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಪಿಪಿಎಂ ಎಂದರೆ ಒಂದು ಕಿಲೋದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಇದು ಕಣ್ಣಿಗೆ, ನಾಲಗೆಗೆ ತಿಳಿಯುವುದಲ್ಲ. ಅಮೆರಿಕದ ಬಾಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದದ್ದು 2004ರಲ್ಲಿ ಪ್ರಕಟವಾಯಿತು. ಆಮೇಲೆಯೇ, 2006ರ ಜನವರಿಯಿಂದ, ರಫ್ತಾಗುವ ಗಿಡಮೂಲಿಕೆ ಔಷಧಗಳಿಗೆ ಭಾರಲೋಹದ ಪರೀಕ್ಷೆಯನ್ನು ಭಾರತ ಕಡ್ಡಾಯ ಮಾಡಿತು. ನೀವು ಮಾಡಬಹುದಾದದ್ದು: ತಯಾರಕರಿಗೆ ಬ್ಯಾಚ್ ಸಂಖ್ಯೆ ತಿಳಿಸಿ ಆ ಬ್ಯಾಚಿನ ಪರೀಕ್ಷಾ ವರದಿಯನ್ನು ಕೇಳುವುದು. ಒಳ್ಳೆಯ ಕಂಪನಿಗಳು ಕಳುಹಿಸುತ್ತವೆ.

ಗ್ರಂದಿಗೆ ಅಂಗಡಿಯಿಂದ ಬಿಡಿಯಾಗಿ ಬೇರು, ತೊಗಟೆ ತರುವವರಿಗೆ ಬೇರೆಯದೇ ಅಪಾಯ: ಗಿಡವೇ ಅದಲಿಬದಲಿಯಾಗುವುದು. ಅಮೃತಬಳ್ಳಿಯನ್ನೇ ನೋಡಿ. ಕೋವಿಡ್ ಕಾಲದಲ್ಲಿ ಅದರ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಅವರು ಬಳಸಿದ್ದು ಅಮೃತಬಳ್ಳಿಯಂತೆಯೇ ಕಾಣುವ, ಅದೇ ಕುಲದ ಇನ್ನೊಂದು ಬಳ್ಳಿ ಆಗಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಇಬ್ಬರಲ್ಲಿ ಯಾರ ಮಾತನ್ನು ಒಪ್ಪಿದರೂ ಕಾಡುಬಳ್ಳಿಯನ್ನು ಕಿತ್ತು ತಿಂಗಳುಗಟ್ಟಲೆ ಕುದಿಸಿ ಕುಡಿಯುವವರಿಗೆ ಸಮಾಧಾನದ ಸುದ್ದಿಯಂತೂ ಅಲ್ಲ.

4. ಈಗ ಮಾತಿನ ಪರೀಕ್ಷೆ

ಇದಕ್ಕೆ ಬೇಕಾದ ಕಾಯ್ದೆ ಹಳೆಯದು, 1954ರದು: ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಅದರ ಅನುಸೂಚಿಯಲ್ಲಿ 54 ಕಾಯಿಲೆ ಮತ್ತು ತೊಂದರೆಗಳಿವೆ. ಇವುಗಳನ್ನು ವಾಸಿಮಾಡುತ್ತೇವೆ, ತಡೆಯುತ್ತೇವೆ ಎಂದು ಯಾವ ಪದ್ಧತಿಯ ಔಷಧಕ್ಕೂ ಸಾರ್ವಜನಿಕವಾಗಿ ಜಾಹೀರಾತು ಕೊಡುವಂತಿಲ್ಲ. ಮಧುಮೇಹ, ಕ್ಯಾನ್ಸರ್, ಹೃದ್ರೋಗ, ರಕ್ತದೊತ್ತಡ, ಲಕ್ವ, ಮೂರ್ಛೆರೋಗ, ತೊನ್ನು, ಕಣ್ಣಿನ ಪೊರೆ, ಸಂಧಿವಾತ, ಮೂತ್ರಪಿಂಡದ ಕಲ್ಲು, ಬೊಜ್ಜು ಎಲ್ಲವೂ ಅದರಲ್ಲಿವೆ. ಎತ್ತರ ಹೆಚ್ಚಿಸುವುದೂ ಇದೆ. ಲೈಂಗಿಕ ಶಕ್ತಿ ಹೆಚ್ಚಿಸುವ ಜಾಹೀರಾತಿಗೆ ಪ್ರತ್ಯೇಕ ನಿಷೇಧವಿದೆ. ತಾಯಿತ, ಮಂತ್ರ, ಕವಚಗಳಿಂದ ರೋಗ ವಾಸಿ ಎನ್ನುವುದಕ್ಕೂ ಇದೆ. ಬಸ್ ನಿಲ್ದಾಣದ ಗೋಡೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಎಷ್ಟು ಕಡೆ ಕಾನೂನು ಮುರಿದು ಅಂಟಿಸಿದ್ದಾರೆ ಎಂಬುದು ತಿಳಿಯುತ್ತದೆ.

‘ಜಾಹೀರಾತು’ ಎಂಬ ಪದಕ್ಕೆ ಈ ಕಾಯ್ದೆ ಕೊಡುವ ಅರ್ಥ ವಿಶಾಲವಾದದ್ದು. ಕರಪತ್ರ, ಲೇಬಲ್, ಹೊದಿಕೆ, ಬಾಯಿಮಾತಿನ ಪ್ರಕಟಣೆ, ಬೆಳಕು, ಧ್ವನಿ, ಕೊನೆಗೆ ಹೊಗೆಯ ಮೂಲಕ ಮಾಡಿದ ಪ್ರಕಟಣೆಯೂ ಸೇರುತ್ತದೆ. ಹೊಗೆಯನ್ನೂ ಬಿಡದ ಕಾಯ್ದೆಯಿಂದ ವಾಟ್ಸ್ಆ್ಯಪ್ ವಿಡಿಯೊ ತಪ್ಪಿಸಿಕೊಳ್ಳುತ್ತದೆ ಎಂದು ಯಾರೂ ಭಾವಿಸಬೇಕಿಲ್ಲ. ಮೊದಲ ಅಪರಾಧಕ್ಕೆ 6 ತಿಂಗಳವರೆಗೆ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ.

ತಪ್ಪು ತಿಳಿಯಬೇಡಿ. ಆಯುರ್ವೇದ ವೈದ್ಯರು ಮಧುಮೇಹಕ್ಕೆ ಚಿಕಿತ್ಸೆ ಕೊಡಬಾರದು ಎಂದು ಕಾಯ್ದೆ ಹೇಳುವುದಿಲ್ಲ. ರೋಗಿಯನ್ನು ನೋಡಿ ಔಷಧ ಬರೆಯುವುದು ಅಪರಾಧವಲ್ಲ. ಕಾಣದ ಸಾವಿರ ಜನರಿಗೆ ‘ಖಚಿತ ಪರಿಹಾರ’ ಎಂದು ಸಾರುವುದು ಅಪರಾಧ.

ಕೆಲವರು ‘ನಿಯಮ 170’ ಎಂದು ಹೇಳುವುದನ್ನು ಕೇಳಿರುತ್ತೀರಿ. ಆಯುಷ್ ಔಷಧದ ಜಾಹೀರಾತಿಗೆ ಮುಂಚಿತ ಅನುಮತಿ ಬೇಕೆಂದು 2018ರಲ್ಲಿ ಬಂದ ನಿಯಮ ಅದು. 2024ರ ಜುಲೈಯಲ್ಲಿ ಕೇಂದ್ರ ಅದನ್ನು ತೆಗೆದುಹಾಕಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ಪ್ರಕರಣವೇ ಮುಕ್ತಾಯವಾಗಿ ಆ ತಡೆಯೂ ಹೋಯಿತು. ದೂರು ಬರೆಯುವಾಗ ಅದನ್ನು ನೆಚ್ಚಿಕೊಳ್ಳಬೇಡಿ. 1954ರ ಕಾಯ್ದೆಯನ್ನು ಹಿಡಿಯಿರಿ, ಅದು ಅಲುಗಾಡಿಲ್ಲ.

‘ಅಡ್ಡಪರಿಣಾಮವೇ ಇಲ್ಲ’, ‘ನೂರಕ್ಕೆ ನೂರು ಗುಣ, ಇಲ್ಲದಿದ್ದರೆ ಹಣ ವಾಪಸ್’, ‘ಇನ್ಸುಲಿನ್ ಬಿಡಿಸುತ್ತೇವೆ’ ಎಂಬ ಮಾತು ಕಂಡರೆ ಮುಂದೆ ಓದುವ ಅಗತ್ಯವಿಲ್ಲ. ‘ಆಯುರ್ವೇದ ಇಂಜೆಕ್ಷನ್’ ಎಂದರಂತೂ ಎದ್ದು ಹೊರಡಿ; ಪ್ರೊಪ್ರೈಟರಿ ಆಯುರ್ವೇದ ಔಷಧದ ವ್ಯಾಖ್ಯೆಯೇ ಸೂಜಿಯ ಮೂಲಕ ಕೊಡುವುದನ್ನು ಹೊರಗಿಟ್ಟಿದೆ.

5. ಔಷಧ ಅತಿ ಬೇಗ ಕೆಲಸ ಮಾಡಿದರೆ ಅನುಮಾನಿಸಿ

ಹತ್ತು ವರ್ಷದ ಮಂಡಿನೋವು ಎರಡು ದಿನದಲ್ಲಿ ಇಳಿದರೆ ಮನೆಯವರಿಗೆಲ್ಲ ಸಂಭ್ರಮ. ನನಗೆ ಭಯ. ಗಿಡಮೂಲಿಕೆಯ ಹೆಸರಿನ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಮತ್ತು ನೋವುನಿವಾರಕ ಮಾತ್ರೆಗಳನ್ನು, ಸಕ್ಕರೆ ಕಾಯಿಲೆಯ ಚೂರ್ಣಗಳಲ್ಲಿ ಅಲೋಪಥಿಯ ಮಧುಮೇಹದ ಔಷಧವನ್ನು, ‘ಶಕ್ತಿವರ್ಧಕ’ಗಳಲ್ಲಿ ವಯಾಗ್ರ ಮಾತ್ರೆಯ ಔಷಧವಾದ ಸಿಲ್ಡೆನಾಫಿಲ್ ಅನ್ನು ಕದ್ದು ಬೆರೆಸುವುದು ಹಲವು ದೇಶಗಳ ಔಷಧ ನಿಯಂತ್ರಕರು ಮತ್ತೆ ಮತ್ತೆ ಹಿಡಿದಿರುವ ಮೋಸ.

ಸ್ಟೀರಾಯ್ಡ್ ಸೇರಿದ್ದರೆ ಮುಖ ದುಂಡಗೆ ಊದುತ್ತದೆ, ಹಸಿವು ವಿಪರೀತವಾಗುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಔಷಧ ಬಿಟ್ಟೊಡನೆ ನೋವು ಮೊದಲಿಗಿಂತ ಜೋರಾಗುತ್ತದೆ. ಇಲ್ಲಿ ದೊಡ್ಡ ಎಚ್ಚರಿಕೆ: ಅಂಥ ಪುಡಿಯನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು ಗಾಬರಿಯಿಂದ ತಾವೇ ಒಮ್ಮೆಲೇ ನಿಲ್ಲಿಸಬಾರದು. ಅಷ್ಟು ಕಾಲ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಿದ ದೇಹ ತನ್ನದೇ ತಯಾರಿಕೆಯನ್ನು ತಗ್ಗಿಸಿರುತ್ತದೆ. ಥಟ್ಟನೆ ನಿಂತರೆ ಕುಸಿದು ಬೀಳಬಹುದು. ಅದೇ ದಿನ ಪೊಟ್ಟಣದ ಸಮೇತ ವೈದ್ಯರ ಬಳಿಗೆ ಹೋಗಿ.

ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ಊಟ ಸೇರದಿರುವುದು ಯಕೃತ್ತಿನ ದೂರು. ಇಲ್ಲಿ ಕಾಯಬಾರದು, ಸಂಶಯದ ಗಿಡಮೂಲಿಕೆಯನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ‘ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?’ ಎಂದಾಗ ಬೈದಾರು ಎಂದು ಮುಚ್ಚಿಡಬೇಡಿ. ಶಸ್ತ್ರಚಿಕಿತ್ಸೆಗೆ ಮುನ್ನ, ಗರ್ಭಿಣಿಯಾಗಿದ್ದಾಗ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಕೇಳದಿದ್ದರೂ ಹೇಳಿ.

6. ಹೊರದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವವರಿಗೆ

ಚುಟುಕಾಗಿ ಹೇಳುತ್ತೇನೆ. ಅಲ್ಲಿಯೇ ಕೊಳ್ಳುವುದಾದರೆ ಕೆನಡಾದಲ್ಲಿ 8 ಅಂಕಿಗಳ ಎನ್‌ಪಿಎನ್ ಸಂಖ್ಯೆ, ಬ್ರಿಟನ್ನಿನಲ್ಲಿ ಟಿಎಚ್‌ಆರ್ ಗುರುತು, ಆಸ್ಟ್ರೇಲಿಯಾದಲ್ಲಿ ‘ಆಸ್ಟ್ ಎಲ್’ ಅಥವಾ ‘ಆಸ್ಟ್ ಆರ್’ ಸಂಖ್ಯೆ ನೋಡಲು ಹೇಳಿ; ಇವು ಆಯಾ ದೇಶದ ಔಷಧ ನಿಯಂತ್ರಕರು ಕೊಡುವ ಗುರುತುಗಳು. ಅಮೆರಿಕದಲ್ಲಿ ಇಂಥ ಔಷಧಗಳು ಪೂರಕ ಆಹಾರವಾಗಿ ಮಾರಾಟವಾಗುತ್ತವೆ. ಮಾರುಕಟ್ಟೆಗೆ ಬರುವ ಮುನ್ನ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಯ ಅನುಮೋದನೆ ಬೇಕಿಲ್ಲ. ಬಾಣಂತಿಗೆಂದು, ಮಗುವಿಗೆಂದು ಭಸ್ಮ, ರಸಗಳನ್ನು ಸೂಟ್‌ಕೇಸಿನಲ್ಲಿಟ್ಟು ಕಳುಹಿಸಬೇಡಿ.

7. ದೂರು ಕೊಡುವುದು

ದೂರು ಎಲ್ಲಿಗೆ ಎಂಬುದು ಮೊದಲ ಹಂತದಲ್ಲಿ ನೀವು ಕಂಡುಕೊಂಡ ಉತ್ತರವನ್ನು ಅವಲಂಬಿಸಿದೆ. ಔಷಧವಾದರೆ ಜಿಲ್ಲಾ ಆಯುಷ್ ಅಧಿಕಾರಿಗೆ ಮತ್ತು ತಯಾರಿಕೆ ನಡೆದ ರಾಜ್ಯದ ಪರವಾನಗಿ ಪ್ರಾಧಿಕಾರಕ್ಕೆ. ಜೊತೆಗೆ 2025ರ ಮೇ ತಿಂಗಳಲ್ಲಿ ಆರಂಭವಾದ ‘ಆಯುಷ್ ಸುರಕ್ಷಾ’ ಜಾಲತಾಣದಲ್ಲಿ ದಾರಿತಪ್ಪಿಸುವ ಜಾಹೀರಾತು, ಅಡ್ಡಪರಿಣಾಮ ಎರಡನ್ನೂ ದಾಖಲಿಸಬಹುದು. ಆಹಾರವಾದರೆ ಎಫ್‌ಎಸ್‌ಎಸ್‌ಎಐಗೆ. ಹಣ ಕಳೆದುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅದರಲ್ಲಿ ನಟಿಸಿದ ತಾರೆಯೂ ಹೊಣೆ. 1954ರ ಕಾಯ್ದೆಯ ಅಪರಾಧಗಳಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ‘ಇದು ನಮ್ಮ ಕೆಲಸವಲ್ಲ’ ಎಂದರೆ ಕಲಂ 9-ಎ ಎಂದು ಬರೆದು ತೋರಿಸಿ.

ಅಡ್ಡಪರಿಣಾಮವನ್ನು ವರದಿ ಮಾಡಲು ದೇಶದಾದ್ಯಂತ ಆಯುಷ್ ಔಷಧ ನಿಗಾ ಕೇಂದ್ರಗಳ ಜಾಲವಿದೆ. ಅದರ ಮಧ್ಯವರ್ತಿ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ.

ದೂರಿನಲ್ಲಿ ‘ಇವರು ಮೋಸಗಾರರು’ ಎಂದು ಅರ್ಧ ಪುಟ ಬರೆಯುವವರೇ ಹೆಚ್ಚು. ಅದರಿಂದ ಅಧಿಕಾರಿಗೆ ಏನೂ ಸಿಗುವುದಿಲ್ಲ. ಉತ್ಪನ್ನದ ಹೆಸರು, ಬ್ಯಾಚ್ ಮತ್ತು ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಕೊಂಡ ದಿನ, ಬಿಲ್ಲಿನ ಪ್ರತಿ, ಜಾಹೀರಾತು ಕಂಡ ಪತ್ರಿಕೆ ಅಥವಾ ವಾಹಿನಿ, ದಿನ, ಸಮಯ, ಅದರಲ್ಲಿದ್ದ ಯಥಾವತ್ ವಾಕ್ಯ: ಇಷ್ಟನ್ನು ಬರೆಯಿರಿ. ಆನ್‌ಲೈನ್ ಜಾಹೀರಾತಾದರೆ ವಿಳಾಸದ ಸಾಲು ಕಾಣುವಂತೆ ಪರದೆಯ ಚಿತ್ರ ತೆಗೆಯಿರಿ. ದೂರು ಹೋದ ಮರುದಿನವೇ ಪುಟ ಮಾಯವಾಗುವುದುಂಟು. ಉಳಿದ ಪುಡಿಯನ್ನು ಸಿಟ್ಟಿನಿಂದ ಚರಂಡಿಗೆ ಸುರಿಯಬೇಡಿ. ಅದೇ ಡಬ್ಬಿಯಲ್ಲಿ, ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ. ಕಚೇರಿಗೆ ಕೈಯಾರೆ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಬನ್ನಿ.